ಬೇಕರಿ ಉಳಿದ ಊರು: ಕಪ್ಪು ಶನಿವಾರದ ನಂತರದ ಮೇರಿಸ್‌ವಿಲ್

2009ರ ಫೆಬ್ರುವರಿ 8ರ ಬೆಳಿಗ್ಗೆ, ಕಾಡ್ಗಿಚ್ಚು ಊರನ್ನು ನುಂಗಿದ ಮರುದಿನ, ಆಸ್ಟ್ರೇಲಿಯಾದ ಮೇರಿಸ್‌ವಿಲ್‌ನ ಮುಖ್ಯ ಬೀದಿಯಲ್ಲಿ ಬೇಕರಿಯೊಂದು ನಿಂತಿತ್ತು. ಅಂಚೆ ಕಚೇರಿ ಇರಲಿಲ್ಲ, ಪೊಲೀಸ್ ಠಾಣೆ ಇರಲಿಲ್ಲ, ಪ್ರಾಥಮಿಕ ಶಾಲೆ ಇರಲಿಲ್ಲ. ಮನೆಗಳಿದ್ದ ಜಾಗದಲ್ಲಿ ಇಟ್ಟಿಗೆಯ ಚಿಮಣಿಗಳು, ಮುರುಟಿದ ತಗಡಿನ ಚಾವಣಿಗಳು ಇದ್ದವು. ನಿಲ್ಲಿಸಿದ್ದ ಕಾರುಗಳ ಅಲ್ಯೂಮಿನಿಯಂ ಚಕ್ರಗಳು ಕರಗಿ, ರಸ್ತೆಯ ಇಳಿಜಾರಿನಲ್ಲಿ ಬೆಳ್ಳಿಯ ತೊರೆಯಂತೆ ಹರಿದು, ಅಲ್ಲೇ ಗಟ್ಟಿಯಾಗಿದ್ದವು. ಅಲ್ಯೂಮಿನಿಯಂ ಕರಗಲು 660 ಡಿಗ್ರಿ ಸೆಲ್ಸಿಯಸ್ ಬೇಕು. ನಾನ್ನೂರಕ್ಕೂ ಹೆಚ್ಚು ಕಟ್ಟಡಗಳಿದ್ದ ಊರಿನಲ್ಲಿ ಉಳಿದವು ಹದಿನಾಲ್ಕು ಎಂದು ಆಗ ಲೆಕ್ಕ ಹಾಕಿದರು. ಬೇಕರಿ ಯಾಕೆ ಉಳಿಯಿತು ಎಂದು ಕೇಳಿದವರಿಗೆ ಯಾರಲ್ಲಿಯೂ ಉತ್ತರವಿರಲಿಲ್ಲ.

ಸುಟ್ಟುಹೋದ ಊರು ಮತ್ತೆ ಊರಾಗುವುದು ಹೇಗೆ ಎಂಬ ಪ್ರಶ್ನೆಗೆ ಮೇರಿಸ್‌ವಿಲ್‌ನ ಪ್ರಕರಣವನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಇಲ್ಲಿ ಹಣಕ್ಕೆ ಕೊರತೆಯಾಗಲಿಲ್ಲ. ಸರ್ಕಾರ ಕೈಕಟ್ಟಿ ಕೂರಲಿಲ್ಲ. ಇಡೀ ದೇಶ ಮರುಗಿತು, ಕೊಟ್ಟಿತು. ಇಷ್ಟೆಲ್ಲ ಇದ್ದೂ ಎರಡು ವರ್ಷಗಳ ನಂತರ ಊರಿನ ಅರ್ಧಕ್ಕಿಂತ ಹೆಚ್ಚು ಜನ ವಾಪಸು ಬಂದಿರಲಿಲ್ಲ. 2006ರ ಜನಗಣತಿಯಲ್ಲಿ 519 ಜನರಿದ್ದ ಊರಿನಲ್ಲಿ 2011ರಲ್ಲಿ ಇದ್ದವರು 226. ನೆರವು ಸಾಲದ್ದಕ್ಕೆ ಚೇತರಿಕೆ ಕುಂಟಿತು ಎಂದು ಹೇಳಿ ಮುಗಿಸಲು ಈ ಊರು ಬಿಡುವುದಿಲ್ಲ.

ಊರು, ಕಾಡು, ಆ ದಿನ

ಮೇರಿಸ್‌ವಿಲ್ ಇರುವುದು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ, ಮೆಲ್ಬರ್ನ್ ನಗರದಿಂದ ಈಶಾನ್ಯಕ್ಕೆ ಸುಮಾರು ನೂರು ಕಿಲೋಮೀಟರ್ ದೂರದಲ್ಲಿ. ಚಿನ್ನದ ಗಣಿಗಳ ದಾರಿಯಲ್ಲಿ ತಂಗುದಾಣವಾಗಿ ಹುಟ್ಟಿದ ಊರು, ಆಮೇಲೆ ಪ್ರವಾಸಿಗರನ್ನು ನೆಚ್ಚಿ ಬದುಕಿತು. ಸಮೀಪದಲ್ಲೇ ಸ್ಟೀವನ್ಸನ್ ಜಲಪಾತ, ಚಳಿಗಾಲದಲ್ಲಿ ಹಿಮದಾಟಕ್ಕೆ ಲೇಕ್ ಮೌಂಟನ್, ಬೀದಿಯುದ್ದಕ್ಕೂ ಅತಿಥಿಗೃಹಗಳು. ನಮ್ಮ ಕಡೆಯವರು ಮಡಿಕೇರಿಗೋ ಚಿಕ್ಕಮಗಳೂರಿಗೋ ವಾರಾಂತ್ಯಕ್ಕೆ ಹೋಗುವಂತೆ ಮೆಲ್ಬರ್ನ್‌ನವರು ಇಲ್ಲಿಗೆ ಬರುತ್ತಿದ್ದರು. ಮಧುಚಂದ್ರಕ್ಕೂ ಹೆಸರುವಾಸಿಯಾದ ಊರು.

ಸುತ್ತ ಇದ್ದದ್ದು ಮೌಂಟನ್ ಆ್ಯಶ್ ಮರಗಳ ಕಾಡು. ನಾವು ನೀಲಗಿರಿ ಎಂದು ಕರೆಯುವ ಮರದ ಜಾತಿಯೇ ಇದು. ಕರ್ನಾಟಕದ ನೀಲಗಿರಿ ತೋಪುಗಳ ಮೂಲ ಆ ಖಂಡದಲ್ಲಿದೆ ಎಂಬುದು ಗೊತ್ತಿರುವ ಸಂಗತಿ. ಆದರೆ ಇಲ್ಲಿನ ತೋಪಿನ ಮರ ನೋಡಿ ಅಲ್ಲಿನದನ್ನು ಅಳೆಯಲಾಗದು. ಮೌಂಟನ್ ಆ್ಯಶ್ ನೂರು ಮೀಟರಿನ ಹತ್ತಿರ ಬೆಳೆಯಬಲ್ಲದು. ಹೂಬಿಡುವ ಗಿಡಮರಗಳಲ್ಲಿ ಜಗತ್ತಿನಲ್ಲೇ ಅತಿ ಎತ್ತರದವುಗಳಲ್ಲಿ ಒಂದು. ಎಲೆಯಲ್ಲಿ ಎಣ್ಣೆಯಂಶ, ಉದ್ದುದ್ದವಾಗಿ ಸುಲಿದು ಜೋತಾಡುವ ತೊಗಟೆ. ಹೊತ್ತಿದ ತೊಗಟೆಯ ಚೂರುಗಳನ್ನು ಗಾಳಿ ಕಿಲೋಮೀಟರುಗಟ್ಟಲೆ ಮುಂದಕ್ಕೆ ಎಸೆಯುತ್ತದೆ. ಬೆಂಕಿಯ ಸಾಲು ತಲುಪುವ ಮೊದಲೇ ಅದರ ಕಿಡಿ ಚಾವಣಿಯ ಸಂದಿಯಲ್ಲಿ ಕೂತಿರುತ್ತದೆ.

2009ರ ಜನವರಿಯ ಕೊನೆಯಲ್ಲಿ ಮೆಲ್ಬರ್ನ್‌ನಲ್ಲಿ ಸತತ ಮೂರು ದಿನ ಉಷ್ಣಾಂಶ 43 ಡಿಗ್ರಿ ದಾಟಿತ್ತು. ಅದಕ್ಕೂ ಹಿಂದೆ ಹತ್ತು ವರ್ಷಕ್ಕೂ ಹೆಚ್ಚು ಕಾಲದ ಬರ. ಮುಂದೆ ಕಪ್ಪು ಶನಿವಾರ ಎಂದು ಹೆಸರಾದ ಫೆಬ್ರುವರಿ 7ರ ಶನಿವಾರ ನಗರದಲ್ಲಿ 46.4 ಡಿಗ್ರಿ ದಾಖಲಾಯಿತು. ಮರುಭೂಮಿಯ ಕಡೆಯಿಂದ ಬಿರುಗಾಳಿ ಬೀಸುತ್ತಿತ್ತು. ಅಂದು ರಾಜ್ಯದ ನೂರಾರು ಕಡೆ ಬೆಂಕಿ ಹೊತ್ತಿಕೊಂಡಿತು. ಸತ್ತವರು 173 ಜನ, ನಾಶವಾದ ಮನೆಗಳು ಎರಡು ಸಾವಿರಕ್ಕೂ ಹೆಚ್ಚು. ಅವುಗಳಲ್ಲಿ ಒಂದು ಬೆಂಕಿ ಮಧ್ಯಾಹ್ನ ಮೂರರ ಹೊತ್ತಿಗೆ ಮುರಿಂಡಿಂಡಿ ಎಂಬಲ್ಲಿನ ಮರದ ಮಿಲ್ಲಿನ ಬಳಿ ಶುರುವಾಯಿತು. ಮೊದಲಿಗೆ ಅದು ವಾಯವ್ಯ ಗಾಳಿಯ ಜೊತೆ ಕಿರಿದಾದ ನಾಲಿಗೆಯಂತೆ ಮುಂದಕ್ಕೆ ಓಡಿತು. ಸಂಜೆ ಗಾಳಿ ನೈರುತ್ಯಕ್ಕೆ ತಿರುಗಿದಾಗ ಆ ನಾಲಿಗೆಯ ಉದ್ದನೆಯ ಅಂಚೇ ಬೆಂಕಿಯ ಮುಖವಾಯಿತು. ಮೇರಿಸ್‌ವಿಲ್ ಅದರ ಎದುರಿಗಿತ್ತು. ಬೆಂಕಿ ಬರುವ ಮುಂಚೆಯೇ ವಿದ್ಯುತ್ ಹೋಯಿತು. ನೀರೆತ್ತುವ ಪಂಪುಗಳೂ ನಿಂತವು. ಕೆಲವರು ಗ್ಯಾಲಿಪೊಲಿ ಪಾರ್ಕಿನ ಆಟದ ಬಯಲಿನಲ್ಲಿ ಸೇರಿದರು. ಪೊಲೀಸರು ಅನೇಕರನ್ನು ವಾಹನಗಳ ಸಾಲಿನಲ್ಲಿ ಅಲೆಕ್ಸಾಂಡ್ರಾ ಊರಿನ ಕಡೆ ದಾಟಿಸಿದರು. ಮುರಿಂಡಿಂಡಿ ಬೆಂಕಿಯಲ್ಲಿ ಪ್ರಾಣ ಬಿಟ್ಟ 40 ಜನರಲ್ಲಿ ಹೆಚ್ಚಿನವರು ಮೇರಿಸ್‌ವಿಲ್‌ನವರು.

ಮೊದಲೇ ಸಿದ್ಧರಾಗಿ ಮನೆಯಲ್ಲಿ ನಿಂತು ಕಾಪಾಡಿಕೊಳ್ಳಿ, ಇಲ್ಲವೇ ಬೇಗ ಹೊರಡಿ ಎಂಬುದು ಆಗಿನ ಅಧಿಕೃತ ನೀತಿ. ಬೇಗ ಎಂದರೆ ಎಷ್ಟು ಹೊತ್ತಿಗೆ ಎಂಬುದು ಪ್ರತಿಯೊಬ್ಬರಿಗೂ ಒಂದೊಂದು ಥರ ಅರ್ಥವಾಗಿತ್ತು.

ತಮ್ಮ ಊರಿಗೆ ಬಸ್ಸಿನಲ್ಲಿ ಹೋದವರು

ಬದುಕಿ ಉಳಿದವರಿಗೆ ಮೊದಲ ಪೆಟ್ಟು ಬಿದ್ದದ್ದು ಊರಿನ ಬಾಗಿಲಲ್ಲಿ. ಬೆಂಕಿ ಯಾರೋ ಇಟ್ಟದ್ದೆಂಬ ಗುಮಾನಿ ಇತ್ತು, ಶವಗಳ ಹುಡುಕಾಟ ನಡೆಯುತ್ತಿತ್ತು. ಹಾಗಾಗಿ ಇಡೀ ಮೇರಿಸ್‌ವಿಲ್ ಅಪರಾಧ ನಡೆದ ಸ್ಥಳವೆಂದು ಘೋಷಿತವಾಗಿ ವಾರಗಟ್ಟಲೆ ಮುಚ್ಚಿತು. ಒಳಗೆ ಪೊಲೀಸರಿದ್ದರು, ತಜ್ಞರಿದ್ದರು, ಕ್ಯಾಮೆರಾಗಳೂ ಹೋಗಿ ಬಂದವು. ಊರಿನವರು ತಡೆಗೇಟಿನ ಆಚೆ ನಿಂತಿದ್ದರು. ಕೊನೆಗೆ ಅವರನ್ನು ಬಸ್ಸುಗಳಲ್ಲಿ ಕೂರಿಸಿ ಬೀದಿ ಬೀದಿ ಸುತ್ತಿಸಿ ತೋರಿಸಿದರು. ತಾನು ಹುಟ್ಟಿ ಬೆಳೆದ ಮನೆಯ ಬೂದಿಯನ್ನು ಬಸ್ಸಿನ ಕಿಟಕಿಯ ಗಾಜಿನಿಂದ ನೋಡುವುದೆಂದರೆ ಏನೆಂದು ಊಹಿಸಬಹುದು.

ಶವಗಳನ್ನು ಗೌರವದಿಂದ ಗುರುತಿಸಬೇಕಿತ್ತು, ಸಾಕ್ಷ್ಯ ಕೆಡಬಾರದಿತ್ತು. ಈ ನಿರ್ಬಂಧಕ್ಕೆ ಸಮರ್ಥನೆ ಇಲ್ಲವೆಂದು ನಾನು ಹೇಳಲಾರೆ. ಆದರೆ ಬೂದಿಯಲ್ಲಿ ಕೈಯಾಡಿಸಿ ಒಂದು ಉಂಗುರ, ಒಂದು ಪಿಂಗಾಣಿ ಚೂರು ಹುಡುಕುವುದು ಚೇತರಿಕೆಯ ಮೊದಲ ಕೆಲಸ ಎಂಬುದು ಅಧಿಕಾರಿಗಳಿಗೆ ತಡವಾಗಿ ತಿಳಿಯಿತು. ಆಮೇಲೆ ಅವಶೇಷ ತೆರವಿನ ಯಂತ್ರಗಳು ಬಂದವು. ವಿಮೆ ಇದೆಯೋ ಇಲ್ಲವೋ ಎಂದು ಕೇಳದೆ, ರಾಜ್ಯದುದ್ದಕ್ಕೂ ಮೂರು ಸಾವಿರಕ್ಕೂ ಹೆಚ್ಚು ನಿವೇಶನಗಳನ್ನು ಸರ್ಕಾರಿ ಖರ್ಚಿನಲ್ಲಿ ತೆರವು ಮಾಡಿಸಿದರು. ಕಲ್ನಾರು ಶೀಟಿನ ಪುಡಿ ಬೆರೆತ ಬೂದಿಯನ್ನು ಮನೆಯವರೇ ಎತ್ತಿದ್ದರೆ ಅಪಾಯವಿತ್ತು. ಒಳ್ಳೆಯ ನಿರ್ಧಾರ, ಬೇಗ ಮುಗಿದ ಕೆಲಸ. ಇನ್ನೂ ಹುಡುಕುವುದು ಮುಗಿಯದವರಿಗೆ ಮಾತ್ರ ಆ ವೇಗವೇ ಎರಡನೇ ನಷ್ಟವಾಯಿತು.

ಬೆಂಕಿಯ ಕಾರಣದ ಕಥೆಯೂ ಊರನ್ನು ಬಹಳ ದಿನ ಕಾಡಿತು. ಕಿಡಿಗೇಡಿಯೊಬ್ಬನ ಕೃತ್ಯ ಎಂಬ ನಂಬಿಕೆಯಲ್ಲೇ ಜನ ಮೊದಲ ಕೆಲವು ವರ್ಷ ಬದುಕಿದರು. ಆಮೇಲೆ ಪೊಲೀಸ್ ತನಿಖೆ ವಿದ್ಯುತ್ ತಂತಿಯ ಕಡೆ ಬೆರಳು ತೋರಿಸಿತು. ವಿದ್ಯುತ್ ಕಂಪನಿ ಮತ್ತಿತರರ ವಿರುದ್ಧ ಹೂಡಿದ ಸಾಮೂಹಿಕ ದಾವೆ 2015ರಲ್ಲಿ 30 ಕೋಟಿ ಆಸ್ಟ್ರೇಲಿಯನ್ ಡಾಲರುಗಳ ರಾಜಿಯಲ್ಲಿ ಮುಗಿಯಿತು. ದ್ವೇಷಿಸಲು ಒಂದು ಮುಖ ಹುಡುಕುತ್ತಿದ್ದವರಿಗೆ ಸಿಕ್ಕಿದ್ದು ತುಂಡಾದ ಒಂದು ತಂತಿ, ಆರು ವರ್ಷಗಳ ಮೇಲೆ ಬಂದ ಒಂದು ಚೆಕ್.

ಹಣ ಬಂತು, ಅದರ ಜೊತೆ ನಿಯಮವೂ ಬಂತು

ಬೆಂಕಿಯ ಮೂರನೇ ದಿನ, ಫೆಬ್ರುವರಿ 10ರಂದು, ರಾಜ್ಯ ಸರ್ಕಾರ ಪುನರ್ನಿರ್ಮಾಣಕ್ಕೆಂದೇ ಒಂದು ಪ್ರಾಧಿಕಾರ ರಚಿಸಿತು. ಪೊಲೀಸ್ ಮುಖ್ಯಸ್ಥೆಯಾಗಿದ್ದ ಕ್ರಿಸ್ಟೀನ್ ನಿಕ್ಸನ್ ಅದರ ಅಧ್ಯಕ್ಷೆಯಾದರು. ರೆಡ್‌ಕ್ರಾಸ್ ಮೂಲಕ ಹರಿದುಬಂದ ದೇಣಿಗೆ 40 ಕೋಟಿ ಡಾಲರಿನ ಆಸುಪಾಸು ಮುಟ್ಟಿತು. ಅದರ ಹಂಚಿಕೆಗೆ ಸಲಹೆ ನೀಡುವ ಸಮಿತಿಗೆ ಮಾಜಿ ಓಟಗಾರ, ಮಾಜಿ ರಾಜ್ಯಪಾಲ ಜಾನ್ ಲ್ಯಾಂಡಿ ಅಧ್ಯಕ್ಷರು. ಒಂದೊಂದು ಕುಟುಂಬಕ್ಕೂ ಒಬ್ಬೊಬ್ಬ ಸಹಾಯಕರನ್ನು ಗೊತ್ತುಮಾಡಿದರು. ಕಚೇರಿಯಿಂದ ಕಚೇರಿಗೆ ಅಲೆದು ಅದೇ ದುಃಖವನ್ನು ಹತ್ತು ಸಲ ಹೇಳುವುದು ತಪ್ಪಲಿ ಎಂಬುದು ಉದ್ದೇಶ. ಇಡೀ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಮನುಷ್ಯತ್ವದ್ದಾಗಿ ಕಾಣುವ ಭಾಗ ಇದು. ನಮ್ಮ ಪ್ರವಾಹದ ಊರುಗಳಲ್ಲಿ ಗ್ರಾಮ ಲೆಕ್ಕಾಧಿಕಾರಿಯಿಂದ ತಹಶೀಲ್ದಾರರವರೆಗೆ ಓಡಾಡಿದವರಿಗೆ ಇದರ ಬೆಲೆ ಬೇಗ ತಿಳಿದೀತು.

ತೊಡಕು ಎದ್ದದ್ದು ಮೇರಿಸ್‌ವಿಲ್‌ನ ಸ್ವಭಾವದಿಂದ. ಅಲ್ಲಿ ಅನೇಕರಿಗೆ ಮನೆಯೂ ಅಂಗಡಿಯೂ ಒಂದೇ. ಅತಿಥಿಗೃಹದ ಹಿಂದಿನ ಎರಡು ಕೋಣೆಯಲ್ಲಿ ಮಾಲೀಕರ ಸಂಸಾರ, ಮುಂದಿನ ಆರು ಕೋಣೆಗಳಲ್ಲಿ ಅತಿಥಿಗಳು. ದತ್ತಿ ನಿಧಿಯ ಹಣವನ್ನು ಕಷ್ಟದಲ್ಲಿರುವ ವ್ಯಕ್ತಿಗೆ ಕೊಡಬಹುದು, ಲಾಭದ ವ್ಯಾಪಾರಕ್ಕೆ ಕೊಡುವುದು ಕಾನೂನಿನಲ್ಲಿ ಕಷ್ಟ. ಹೀಗಾಗಿ ಸಂಸಾರದ ಎರಡು ಕೋಣೆಗೆ ನೆರವು ಹೊಂದುತ್ತದೆ, ಅನ್ನ ಕೊಡುವ ಆರು ಕೋಣೆಗೆ ಹೊಂದುವುದಿಲ್ಲ. ಸ್ವಂತ ಮನೆಯವರಿಗೆ ಸಿಕ್ಕಷ್ಟು ಬಾಡಿಗೆಯವರಿಗೆ ಸಿಗಲಿಲ್ಲ. ಮನೆ ಉಳಿದು ಕೆಲಸ ಕಳೆದುಕೊಂಡವರು ಇನ್ನೊಂದು ಸಾಲಿನಲ್ಲಿ ನಿಂತರು. ವಿಮೆ ಕಟ್ಟಿದವರು, ಕಟ್ಟದವನಿಗೂ ನೆರವು ಸಿಕ್ಕಿತಲ್ಲ ಎಂದು ಒಳಗೊಳಗೇ ಕುದಿದರು.

ವಿಮೆ ಇದ್ದವರಿಗೂ ಅದು ಸಾಲಲಿಲ್ಲ. ಬೆಂಕಿಯ ನಂತರ ಕಾಡಂಚಿನ ಮನೆಗಳ ನಿರ್ಮಾಣ ಮಾನದಂಡ ಬಿಗಿಯಾಯಿತು. ನಿವೇಶನದ ಇಳಿಜಾರು, ಸುತ್ತಲಿನ ಮರಗಳ ದೂರ ಅಳೆದು ಅಪಾಯದ ದರ್ಜೆ ನೀಡುತ್ತಾರೆ. ಕೊನೆಯ ದರ್ಜೆಯ ಹೆಸರೇ ಜ್ವಾಲಾ ವಲಯ. ಆ ದರ್ಜೆ ಬಿದ್ದ ನಿವೇಶನದಲ್ಲಿ ಕಿಟಕಿಯ ಗಾಜಿನಿಂದ ಹಿಡಿದು ಜಗಲಿಯ ಹಲಗೆಯವರೆಗೆ ಎಲ್ಲವೂ ಬೆಂಕಿ ತಡೆಯುವಂಥದ್ದಾಗಬೇಕು. ಹಳೆಯ ಮರದ ಮನೆಯ ಬೆಲೆಗೆ ಇಳಿಸಿದ್ದ ವಿಮೆ ಹೊಸ ಮನೆಯ ಅಡಿಪಾಯ ದಾಟಿ ಎಷ್ಟು ಮೇಲೆ ಹೋದೀತು? ಅರವತ್ತೈದು ದಾಟಿದವರಲ್ಲಿ ಅನೇಕರು ನಿವೇಶನ ಮಾರಿ ಬೇರೆ ಊರಿಗೆ ನಡೆದರು.

ಇನ್ನೊಂದು ಬಗೆಯ ನೆರವು ಬೆಟ್ಟದಂತೆ ಬಂತು: ಬಟ್ಟೆ, ಹೊದಿಕೆ, ಆಟಿಕೆ, ಪಾತ್ರೆ. ಅದನ್ನು ವಿಂಗಡಿಸಿ ಇಡಲು ಗೋದಾಮು ಬೇಕಾದವು, ಗೋದಾಮಿಗೆ ಬಾಡಿಗೆ ಬೇಕಾಯಿತು, ವಿಂಗಡಿಸಲು ಆಳು ಬೇಕಾಯಿತು. ಮನೆಯೇ ಇಲ್ಲದವರು ನಾಲ್ಕು ಕಂಬಳಿ ಎಲ್ಲಿಡಬೇಕು? ಅತ್ತ ರಾಶಿ ರಾಶಿ ಬಟ್ಟೆ ಹಂಚುತ್ತಿದ್ದಾಗ ಇತ್ತ ಬಟ್ಟೆ ಅಂಗಡಿಯವನ ವ್ಯಾಪಾರ ಮಲಗುತ್ತದೆ ಎಂಬುದನ್ನೂ ಜನ ಅಲ್ಲೇ ಕಂಡುಕೊಂಡರು.

ಊರಿನ ಪರವಾಗಿ ಮಾತಾಡುವವರು ಯಾರು?

ಪ್ರಾಧಿಕಾರ ಬೆಂಕಿಪೀಡಿತ ಪ್ರದೇಶಗಳಲ್ಲಿ 33 ಸಮುದಾಯ ಚೇತರಿಕೆ ಸಮಿತಿಗಳನ್ನು ಬೆಂಬಲಿಸಿತು. ಸ್ಥಳೀಯರೇ ಏನು ಬೇಕೆಂದು ಹೇಳಲಿ ಎಂಬುದು ತತ್ವ. ತತ್ವಕ್ಕೆ ತಕರಾರಿಲ್ಲ. ಆದರೆ ಊರಿನ ಜನ ತಾತ್ಕಾಲಿಕ ವಸತಿಯಲ್ಲಿ, ನೆಂಟರ ಮನೆಯಲ್ಲಿ, ಮೆಲ್ಬರ್ನ್‌ನ ಬಾಡಿಗೆ ಮನೆಯಲ್ಲಿ ಚದುರಿರುವಾಗ ಸಭೆಗೆ ಬರುವವರು ಯಾರು? ಹತ್ತಿರ ಇರುವವರು, ಮಾತು ಬಲ್ಲವರು, ಇನ್ನೂ ಶಕ್ತಿ ಉಳಿದವರು. ಗಂಡನನ್ನೋ ಮಗುವನ್ನೋ ಕಳೆದುಕೊಂಡವರು ರಸ್ತೆ ದೀಪದ ವಿನ್ಯಾಸದ ಸಭೆಗೆ ಬರುವುದಿಲ್ಲ. ಊರಿನ ಹೊಸ ವಿನ್ಯಾಸದ ಚರ್ಚೆ ಬೆಂಕಿಯ ವರ್ಷವೇ ಶುರುವಾಗಿತ್ತು.

ಆಪತ್ತಿಗೆ ಸಿಕ್ಕ ಸಮುದಾಯಗಳ ಜೊತೆ ದಶಕಗಳಿಂದ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ ರಾಬ್ ಗಾರ್ಡನ್ ಈ ಹಂತವನ್ನು ವಿವರಿಸುವ ರೀತಿ ಮೇರಿಸ್‌ವಿಲ್‌ಗೆ ಸರಿಯಾಗಿ ಹೊಂದುತ್ತದೆ. ಆಪತ್ತಿನ ಮೊದಲ ದಿನಗಳಲ್ಲಿ ಜನ ಬೆಸುಗೆ ಹಾಕಿದಂತೆ ಒಂದಾಗುತ್ತಾರೆ. ನಿನ್ನೆಯವರೆಗೆ ಮುಖ ನೋಡದ ಇಬ್ಬರು ಒಂದೇ ಪಾತ್ರೆಯಲ್ಲಿ ಉಣ್ಣುತ್ತಾರೆ, ನಾವೆಲ್ಲ ಒಂದೇ ಎಂಬ ಭಾವ ಉಕ್ಕುತ್ತದೆ. ನೆರವು ಬಂದು ಒಬ್ಬೊಬ್ಬರ ನಷ್ಟ ಒಂದೊಂದು ಬಗೆಯದು ಎಂದು ಹೊರಬಿದ್ದಾಗ ಅದೇ ಬೆಸುಗೆ ಸೀಳುತ್ತದೆ. ಮನೆ ಸುಟ್ಟವರು, ಉಳಿದವರು. ನಿಂತು ಹೋರಾಡಿದವರು, ಬಿಟ್ಟು ಓಡಿದವರು. ವಾಪಸು ಬಂದವರು, ಬಾರದವರು. ಮನೆ ಉಳಿದವರ ಪಾಡಂತೂ ವಿಚಿತ್ರ. ಅಳುವ ಹಕ್ಕು ತಮಗಿಲ್ಲವೆಂದು ಅವರು ಬಾಯಿ ಮುಚ್ಚಿಕೊಂಡರು. ಕಿಟಕಿ ತೆರೆದರೆ ಸುತ್ತ ಖಾಲಿ ನಿವೇಶನ, ನೆರೆಯವರಿಲ್ಲ, ರಾತ್ರಿ ದೀಪವಿಲ್ಲ.

ಊರಿನ ಬಳಿ ತಲೆಯೆತ್ತಿದ ತಾತ್ಕಾಲಿಕ ವಸತಿಯನ್ನು ಇಲ್ಲಿ ನೆನೆಯಬೇಕು. ಸಿದ್ಧ ಕೋಣೆಗಳು, ಸಾಮೂಹಿಕ ಅಡುಗೆಮನೆ, ಸಾಮೂಹಿಕ ಬಟ್ಟೆ ಒಗೆಯುವ ಜಾಗ. ಇಕ್ಕಟ್ಟು, ಗೊಣಗಾಟ ಎರಡೂ ಇದ್ದವು. ಆದರೆ ಮನೆ ಕಟ್ಟುವವರು ಊರು ಬಿಡದೆ ಅಲ್ಲೇ ಇರಲು ಸಾಧ್ಯವಾದದ್ದು ಅದರಿಂದ. ವಾಷಿಂಗ್ ಮಷಿನ್ ನಿಲ್ಲುವವರೆಗೆ ಬೆಂಚಿನ ಮೇಲೆ ಕೂತಿರಲೇಬೇಕಾದ ಆ ಅರ್ಧ ಗಂಟೆಯಲ್ಲಿ ನಡೆದ ಮಾತುಕತೆ ಯಾವ ಸಭೆಯ ನಡಾವಳಿಯಲ್ಲೂ ಇರಲಾರದು.

ಶಾಲೆ ಮೊದಲೋ, ಹೋಟೆಲ್ ಮೊದಲೋ

ಪ್ರವಾಸವನ್ನೇ ನಂಬಿದ ಊರಿನ ಮರುಹುಟ್ಟಿನಲ್ಲಿ ಒಂದು ಕೊಂಡಿ ಇನ್ನೊಂದನ್ನು ಕಾಯುತ್ತದೆ. ಅತಿಥಿ ಬರಲು ಕೋಣೆ ಬೇಕು, ಕೋಣೆಗೆ ಕೆಲಸದವರು ಬೇಕು, ಅವರ ಸಂಸಾರಕ್ಕೆ ಬಾಡಿಗೆ ಮನೆ ಬೇಕು, ಮಕ್ಕಳಿಗೆ ಶಾಲೆ ಬೇಕು; ಶಾಲೆ ನಡೆಯಲು ಮಕ್ಕಳು ಬೇಕು. ಶಾಲೆಯನ್ನು ಮತ್ತೆ ಕಟ್ಟಿದರು. ಸಮುದಾಯ ಕೇಂದ್ರ ಬಂತು, ಆಟದ ಬಯಲು ಹಸಿರಾಯಿತು. ಬೆಂಕಿಗೂ ಮುಂಚೆ ಇದ್ದದ್ದಕ್ಕಿಂತ ಒಳ್ಳೆಯ ಕಟ್ಟಡಗಳು, ಅವುಗಳಲ್ಲಿ ಓಡಾಡಲು ಅರ್ಧದಷ್ಟು ಜನ. ಸರ್ಕಾರದ ದೊಡ್ಡ ನೆರವಿನಿಂದ ಸಮ್ಮೇಳನ ಸಭಾಂಗಣವಿರುವ ದೊಡ್ಡ ಹೋಟೆಲ್ ತೆರೆದದ್ದು 2015ರಲ್ಲಿ, ಆರು ವರ್ಷಗಳ ಮೇಲೆ. ಅಷ್ಟರಲ್ಲಿ ಸಣ್ಣ ಅತಿಥಿಗೃಹಗಳ ಅನೇಕ ಮಾಲೀಕರು ಕೈಚೆಲ್ಲಿ ಹೋಗಿದ್ದರು. ಈ ಹೋಟೆಲಿನಿಂದ ಊರಿಗೆ ಉದ್ಯೋಗ ಬಂತು ಎನ್ನುವವರಿದ್ದಾರೆ, ಮೇರಿಸ್‌ವಿಲ್‌ನ ಮುಖಚರ್ಯೆ ಇದಲ್ಲ ಎನ್ನುವವರೂ ಇದ್ದಾರೆ. ನನ್ನ ಮಟ್ಟಿಗೆ ಹೇಳುವುದಾದರೆ, ಆ ಹಣದಲ್ಲಿ ಒಂದು ಪಾಲು ಮೊದಲ ಎರಡು ವರ್ಷಗಳಲ್ಲೇ ಆರು ಕೋಣೆಯ ಮನೆಗಳಿಗೆ ಹೋಗಿದ್ದರೆ ಚಿತ್ರ ಬೇರೆಯಾಗುತ್ತಿತ್ತು. 2016ರ ಜನಗಣತಿ ಹೊತ್ತಿಗೆ ಊರಿನಲ್ಲಿ 394 ಜನರಿದ್ದರು. ಅವರಲ್ಲಿ ಹೊಸಬರೂ ಸೇರಿದ್ದಾರೆ, ಆದ್ದರಿಂದ ವಾಪಸು ಬಂದ ಹಳಬರ ಸಂಖ್ಯೆ ಇದಕ್ಕಿಂತ ಕಡಿಮೆ.

ಸಮಿತಿಗಳ ಆಚೆ ತಮ್ಮಷ್ಟಕ್ಕೆ ನಡೆದ ಕೆಲಸಗಳೂ ಇವೆ. ಶಿಲ್ಪಿ ಬ್ರೂನೊ ಟೋರ್ಫ್ಸ್ ಊರಿನಲ್ಲಿ ಮಳೆಕಾಡಿನ ತೋಟವೊಂದನ್ನು ಮಾಡಿದ್ದರು. ಜರೀಗಿಡಗಳ ನಡುವೆ, ಪೊಟರೆಗಳಲ್ಲಿ, ತೊರೆಯ ದಡದಲ್ಲಿ ಸುಟ್ಟ ಮಣ್ಣಿನ ಆಳೆತ್ತರದ ಆಕೃತಿಗಳು: ಮುದುಕರು, ಮಕ್ಕಳು, ಕಾಡಿನ ಕಿನ್ನರರು. ಬೆಂಕಿಯಲ್ಲಿ ಅವರ ಮನೆ ಹೋಯಿತು, ಚಿತ್ರಶಾಲೆ ಹೋಯಿತು. ಒಮ್ಮೆ ಕುಲುಮೆಯಲ್ಲಿ ಬೆಂದ ಮಣ್ಣಿಗೆ ಬೆಂಕಿಯ ಭಯವಿಲ್ಲ ಎಂದುಕೊಳ್ಳಬಹುದು, ಆದರೆ ಉರಿಯುವ ಮರಗಳು ಮೇಲೆ ಬಿದ್ದವು. ಅರ್ಧಕ್ಕಿಂತ ಹೆಚ್ಚು ಆಕೃತಿಗಳು ಒಡೆದವು. ಟೋರ್ಫ್ಸ್ ಊರು ಬಿಡಲಿಲ್ಲ. ಚೂರುಗಳನ್ನು ಆಯ್ದು ಜೋಡಿಸಿದರು, ಹೊಸದನ್ನು ಮಾಡಿದರು, ತೋಟವನ್ನು ಮತ್ತೆ ಜನರಿಗೆ ತೆರೆದರು. ಜಲಪಾತ ನೋಡಲು ಬಂದವರಿಗೆ ಊರಿನಲ್ಲಿ ಇನ್ನೊಂದು ಗಂಟೆ ಉಳಿಯಲು ಕಾರಣ ಸಿಕ್ಕಿತು. ಇನ್ನೊಂದು ಗಂಟೆ ಎಂದರೆ ಬೇಕರಿಯಲ್ಲಿ ಒಂದು ಚಹಾ.

ಹತ್ತು ವರ್ಷದ ಲೆಕ್ಕ

ಮೆಲ್ಬರ್ನ್ ವಿಶ್ವವಿದ್ಯಾಲಯದ ಲಿಸಾ ಗಿಬ್ಸ್ ನೇತೃತ್ವದ ತಂಡ ಕಪ್ಪು ಶನಿವಾರಕ್ಕೆ ಸಿಕ್ಕ ಊರುಗಳ ಸಾವಿರಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿತು. ಬೆಂಕಿಯ ಮೂರು-ನಾಲ್ಕು ವರ್ಷಗಳ ನಂತರ, ತೀವ್ರ ಹಾನಿಯಾದ ಊರುಗಳಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಮಾನಸಿಕ ಅಸ್ವಸ್ಥತೆಯ ಲಕ್ಷಣಗಳಿದ್ದವು. ಪ್ರಾಧಿಕಾರ 2011ರ ಮಧ್ಯದಲ್ಲೇ ಬಾಗಿಲು ಹಾಕಿತ್ತು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಸ್ಥಳೀಯ ಗುಂಪುಗಳಲ್ಲಿ ತೊಡಗಿದ್ದವರ ಮನಸ್ಥಿತಿ ಒಟ್ಟಾರೆ ಉತ್ತಮವಾಗಿತ್ತು. ಆದರೆ ಹಲವು ಗುಂಪುಗಳನ್ನು ಮೈಮೇಲೆ ಹಾಕಿಕೊಂಡವರಲ್ಲಿ ಆ ಲಾಭ ಕಾಣಲಿಲ್ಲ; ಎಲ್ಲ ಸಭೆಗೂ ಓಡುತ್ತಿದ್ದ ಕೆಲವೇ ಜನರ ಹೆಗಲ ಮೇಲೆ ಊರು ಕೂತಿತ್ತು. ತೀವ್ರ ಹಾನಿಯಾದ ಊರುಗಳ ಹೆಂಗಸರು ಮನೆಯೊಳಗಿನ ಹಿಂಸೆಯನ್ನು ಹೆಚ್ಚಾಗಿ ಅನುಭವಿಸಿದ್ದೂ ಅಧ್ಯಯನದಲ್ಲಿ ದಾಖಲಾಯಿತು. ಚೇತರಿಕೆಯ ಉತ್ಸಾಹದ ಸುದ್ದಿಗಳ ನಡುವೆ ಇದನ್ನು ಹೇಳಲು ಯಾರಿಗೂ ಬಾಯಿ ಬಂದಿರಲಿಲ್ಲ.

ಮಕ್ಕಳದ್ದು ಇನ್ನೂ ತಡವಾಗಿ ತೋರಿತು. ಬೆಂಕಿಯ ಸಮಯದಲ್ಲಿ ಪ್ರಾಥಮಿಕ ಶಾಲೆಯ ಮೊದಲ ತರಗತಿಗಳಲ್ಲಿದ್ದ ಮಕ್ಕಳು ನಂತರದ ವರ್ಷಗಳಲ್ಲಿ ಓದು ಮತ್ತು ಲೆಕ್ಕದಲ್ಲಿ ನಿರೀಕ್ಷಿಸಿದಷ್ಟು ಮುಂದೆ ಸಾಗಲಿಲ್ಲ. ಆಗಲೇ ಕಿರುಚಿ ಅತ್ತ ಮಗುವನ್ನು ಎಲ್ಲರೂ ಗಮನಿಸಿದ್ದರು. ಎರಡು ವರ್ಷ ಬಿಟ್ಟು ಲೆಕ್ಕದ ಪುಸ್ತಕದ ಮುಂದೆ ಸುಮ್ಮನೆ ಕೂತ ಮಗುವನ್ನು ಕಂಡು, ಇದೂ ಬೆಂಕಿಯದೇ ಎಂದು ಹೇಳಬೇಕಾದ ಮೇಷ್ಟರಲ್ಲಿ ಕೆಲವರು ಸ್ವತಃ ಮನೆ ಕಳೆದುಕೊಂಡವರು.

ಬರ್ನಾರ್ಡ್ ಟೀಗ್ ಅಧ್ಯಕ್ಷತೆಯ ವಿಚಾರಣಾ ಆಯೋಗ 2010ರ ಜುಲೈ ಕೊನೆಯಲ್ಲಿ 67 ಶಿಫಾರಸುಗಳ ವರದಿ ಕೊಟ್ಟಿತು. ಹಳೆಯ ಎಚ್ಚರಿಕೆ ನೀತಿ ಬದಲಾಯಿತು, ಅಪಾಯದ ದಿನಗಳಿಗೆ ಹೊಸ ಅತ್ಯುನ್ನತ ದರ್ಜೆ ಬಂತು, ಊರೂರುಗಳಲ್ಲಿ ಕೊನೆಯ ಗಳಿಗೆಯ ಆಶ್ರಯ ತಾಣಗಳನ್ನು ಗುರುತಿಸಿದರು. ಇವೆಲ್ಲ ಮುಂದಿನ ಬೆಂಕಿಗೆ. ಹಿಂದಿನ ಬೆಂಕಿಯಿಂದ ಎದ್ದು ಬರುವ ಕೆಲಸದ ಬಗ್ಗೆ ಆಯೋಗದ ಬಳಿ ಹೇಳಲು ಅಷ್ಟೊಂದು ಇರಲಿಲ್ಲ.

ಊರಿನ ಸುತ್ತಲಿನ ಇಳಿಜಾರುಗಳಲ್ಲಿ ಬೂದು ಬಣ್ಣದ ಸತ್ತ ಬೊಡ್ಡೆಗಳು ಬಹಳ ವರ್ಷ ನಿಂತಿದ್ದವು. ಮೌಂಟನ್ ಆ್ಯಶ್ ತೀವ್ರ ಬೆಂಕಿಗೆ ಸತ್ತೇ ಹೋಗುತ್ತದೆ, ಬುಡದಿಂದ ಚಿಗುರುವುದಿಲ್ಲ. ನೆತ್ತಿಯ ಕಾಯಿಗಳಲ್ಲಿ ಕಾಪಿಟ್ಟ ಬೀಜ ಬೂದಿಯ ಮೇಲೆ ಉದುರಿ, ಹೆಕ್ಟೇರಿಗೆ ಲಕ್ಷಗಟ್ಟಲೆ ಸಸಿ ಏಳುತ್ತವೆ. ಬೆಂಕಿಗೆ ಸಿಕ್ಕ ಕಾಡಿನ ಬಹುಭಾಗವೂ ಹಾಗೆ ಎದ್ದದ್ದೇ, 1939ರ ಕಪ್ಪು ಶುಕ್ರವಾರದ ಬೆಂಕಿಯ ನಂತರ. ಸಸಿ ಸಾಕಷ್ಟು ಬೀಜ ಕಟ್ಟಲು ಸುಮಾರು ಇಪ್ಪತ್ತು ವರ್ಷ ಬೇಕು. ಅಷ್ಟರೊಳಗೆ ಮತ್ತೊಮ್ಮೆ ಸುಟ್ಟರೆ ಉದುರಲು ಬೀಜವೇ ಇರುವುದಿಲ್ಲ, ಇಳಿಜಾರನ್ನು ಜಾಲಿಯ ಪೊದೆ ಆವರಿಸುತ್ತದೆ. ವಿಕ್ಟೋರಿಯಾದಲ್ಲಿ ಅಂಥ ಕಡೆ ಅರಣ್ಯ ಸಿಬ್ಬಂದಿ ಸಂಗ್ರಹಿಸಿಟ್ಟ ಬೀಜವನ್ನು ಹೆಲಿಕಾಪ್ಟರಿನಿಂದ ಬಿತ್ತುತ್ತಾರೆ. ಮೇರಿಸ್‌ವಿಲ್‌ನ ಇಳಿಜಾರಿಗೆ ಇಪ್ಪತ್ತು ವರ್ಷ ತುಂಬುವುದು 2029ರಲ್ಲಿ.